ಒಬ್ಬನೇ ದೋಣಿ ಹತ್ತಿಸುವುದು: ಎರಡು ಕಂಬ, ಒಂದು ಹಗ್ಗ, ಒಂದು ಕಾರ್ ಕೀ

ದೋಣಿಯನ್ನು ನೀರಿಗೆ ಬಿಡುವುದು ಸುಲಭ. ಕಾರಿನ ಹಿಂದೆ ಕಟ್ಟಿದ ಟ್ರೈಲರನ್ನು ಹಿಂದಕ್ಕೆ ಇಳಿಸಿದರೆ ನೀರೇ ದೋಣಿಯನ್ನು ಎತ್ತಿಕೊಳ್ಳುತ್ತದೆ. ಕಷ್ಟ ಇರುವುದು ಸಂಜೆಗೆ, ಅದನ್ನು ವಾಪಸ್ ಟ್ರೈಲರಿಗೆ ಹತ್ತಿಸುವಾಗ. ಅದರಲ್ಲೂ ಜೊತೆಗೆ ಯಾರೂ ಇಲ್ಲ, ಗಾಳಿ ಅಡ್ಡ ಬೀಸುತ್ತಿದೆ, ಹಿಂದೆ ನಾಲ್ಕು ಜನ ಮೋಟಾರ್ ಬೋಟಿನವರು ಸರದಿಗೆ ಕಾಯುತ್ತಿದ್ದಾರೆ ಅಂದರೆ ಕೇಳುವುದೇ ಬೇಡ.

ನಾನಿರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ. ಊರಿನ ಹೆಸರು ಕೇರಿ. ಇಲ್ಲಿ ಕನ್ನಡದವರು ಇಷ್ಟೊಂದು ಜನ ಸೇರಿರುವುದಕ್ಕೆ ಹೆಸರೂ ಒಪ್ಪುತ್ತದೆ, ಅಲ್ವಾ. ಮನೆಯಿಂದ ಅರ್ಧ ಗಂಟೆ ಹೋದರೆ ಜಾರ್ಡನ್ ಲೇಕ್. ಲೇಕ್ ಅನ್ನುವುದು ಹೆಸರಿಗೆ ಮಾತ್ರ, ಅದು ಹಾ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು. ಸೇನೆಯ ಎಂಜಿನಿಯರ್ ದಳ ಪ್ರವಾಹ ತಡೆಯಲು ಕಟ್ಟಿದ್ದು. ನಮ್ಮೂರಿನ ನಲ್ಲಿ ನೀರೂ ಅಲ್ಲಿಂದಲೇ ಬರುತ್ತದೆ. ನೀರಿನ ಮಟ್ಟ ಸಾಮಾನ್ಯವಾಗಿ ಸಮುದ್ರಮಟ್ಟದಿಂದ 216 ಅಡಿ ಮೇಲಿರುತ್ತದೆ. ಮಳೆ ಹೊಡೆದರೆ ಏರುತ್ತದೆ, ಮಳೆ ಕೈಕೊಟ್ಟರೆ ಇಳಿಯುತ್ತದೆ. ಈ ಏರಿಳಿತ ನನಗೆ ತಂದಿಟ್ಟ ಫಜೀತಿಯನ್ನು ಆಮೇಲೆ ಹೇಳುತ್ತೇನೆ.

ದೋಣಿ ಹಳೆಯ ಡೇ ಸೇಲರ್, ಸಣ್ಣ ಹಾಯಿದೋಣಿ. 16 ಅಡಿ 9 ಇಂಚು ಉದ್ದ, 6 ಅಡಿ 3 ಇಂಚು ಅಗಲ, ಬರೀ ಒಡಲೇ ಸುಮಾರು 260 ಕೆಜಿ. 1958ರಿಂದ ಬರುತ್ತಿರುವ ವಿನ್ಯಾಸ. ಒಡಲಿನ ನಕ್ಷೆ ಬರೆದವನು ಇಂಗ್ಲೆಂಡಿನ ಉಫಾ ಫಾಕ್ಸ್. ಹೊಟ್ಟೆಯ ನಡುವೆ ಮೇಲಕ್ಕೆ ಎತ್ತಬಹುದಾದ ಹಲಗೆ ಇದೆ. ಇಳಿಸಿದರೆ ಮೂರೂಮುಕ್ಕಾಲು ಅಡಿ ನೀರು ಬೇಕು, ಎತ್ತಿದರೆ 7 ಇಂಚು ಸಾಕು. ಅದಕ್ಕೇ ಇದು ಟ್ರೈಲರ್ ಮೇಲೆ ಸಾಗಿಸುವವರ ದೋಣಿ.

ನನ್ನ ಅಜ್ಜನ ಮನೆ ಗಂಗೊಳ್ಳಿ ಕಡೆ. ಅಲ್ಲಿ ನಾಡದೋಣಿಯನ್ನು ಮರಳಿನ ಮೇಲೆ ಎಳೆಯುವಾಗ ಎರಡೂ ಪಕ್ಕ ಜನ ಸಾಲು ಹಿಡಿದು ನಿಲ್ಲುತ್ತಿದ್ದರು. ಐಲೇಸಾ ಅಂದರೆ ಎಲ್ಲರ ಭುಜವೂ ಒಟ್ಟಿಗೆ ಬೀಳುತ್ತಿತ್ತು. ಒಬ್ಬನೇ ದೋಣಿ ಎಳೆದವನನ್ನು ನಾನು ಅಲ್ಲಿ ಕಂಡಿಲ್ಲ. ಒಬ್ಬನೇ ಎಳೆಯಬೇಕು ಅಂತ ಅಲ್ಲಿ ಯಾರಿಗೂ ಅನ್ನಿಸಿರಲಿಕ್ಕೂ ಇಲ್ಲ.

ಮೊದಲ ಅವಮಾನ

ಅಕ್ಟೋಬರಿನ ಒಂದು ಭಾನುವಾರ. ನೈಋತ್ಯದ ಗಾಳಿ, 12 ನಾಟ್ ಇದ್ದಿರಬಹುದು. ಓಡಿಸುವುದಕ್ಕೆ ಹಬ್ಬದಂಥ ಗಾಳಿ. ಮಧ್ಯಾಹ್ನವೆಲ್ಲ ಖುಷಿಯಾಗಿ ಸುತ್ತಾಡಿದೆ. ಬಿಳಿತಲೆ ಹದ್ದೊಂದು ಮೀನು ಎತ್ತಿದ್ದನ್ನೂ ನೋಡಿದೆ. ಐದು ಗಂಟೆಗೆ ವಾಪಸ್ ಬಂದು ತೇಲುವ ಧಕ್ಕೆಗೆ ದೋಣಿ ಕಟ್ಟಿದೆ, ಓಡಿಹೋಗಿ ಕಾರು ತಂದೆ, ಟ್ರೈಲರನ್ನು ಕಾಂಕ್ರೀಟ್ ಇಳಿಜಾರಿನಲ್ಲಿ ನೀರಿಗೆ ಇಳಿಸಿದೆ.

ನೀರಿನಲ್ಲಿ ಮೊಣಕಾಲುದ್ದ ನಿಂತು ದೋಣಿಯ ಮೂತಿ ಹಿಡಿದು ಎಳೆದರೆ ಮೂತಿ ಸರಿಯಾಗಿ ಬಂತು. ಅಷ್ಟರಲ್ಲಿ ಹಿಂಭಾಗ ಗಾಳಿಗೆ ತಿರುಗಿ ಮಡ್‌ಗಾರ್ಡ್ ಮೇಲೆ ಹೋಗಿ ಕೂತಿತು. ಹಿಂದೆ ಹೋಗಿ ಅದನ್ನು ತಳ್ಳಿದೆ. ತಳ್ಳುತ್ತಿದ್ದ ಹಾಗೆ ಮೂತಿ ಜಾರಿ ಹೊರಗೆ ಬಂತು. ಮುಂದೆ ಓಡಿದೆ. ಹಿಂಭಾಗ ಮತ್ತೆ ತಿರುಗಿತು. ಒಂದು ಮಗುವಿಗೆ ಊಟ ಮಾಡಿಸುವಾಗ ಇನ್ನೊಂದು ಮಗು ಓಡಿಹೋಗುತ್ತದಲ್ಲ, ಹಾಗೆ.

ಐದನೇ ಸಲ ನೇರ ಇದೆ ಅನ್ನಿಸಿತು. ಟ್ರೈಲರಿನ ಮುಂದಿರುವ ವಿಂಚಿನ (ಹಿಡಿಕೆ ತಿರುಗಿಸಿ ದೋಣಿ ಎಳೆಯುವ ಯಂತ್ರ) ಕೊಕ್ಕೆ ಹಾಕಿ ಬಿಗಿದು ಕಾರು ಮೇಲಕ್ಕೆ ತಂದೆ. ನೀರಿನಿಂದ ಹೊರಗೆ ಬಂದ ಮೇಲೆ ನೋಡಿದರೆ ದೋಣಿ ಒಂದು ಪಕ್ಕಕ್ಕೆ ವಾಲಿಕೊಂಡು, ಸೊಂಟ ನೋವಿನವರ ಹಾಗೆ ಕೂತಿದೆ. ಮಡ್‌ಗಾರ್ಡ್ ತಾಗಿ ಒಡಲಿನ ಮೇಲೆ ಗೇಣುದ್ದ ಗೀರು. ಮತ್ತೆ ನೀರಿಗೆ ಇಳಿಸಲು ಹೋಗುವಾಗ ಪಾಚಿ ಮೇಲೆ ಕಾಲು ಜಾರಿ ಮೊಣಕೈ ಊರಿ ಬಿದ್ದೆ.

ಆಗ ಕಾಯುತ್ತಿದ್ದ ಒಬ್ಬ ವಯಸ್ಸಾದವರು ಇಳಿದು ಬಂದರು. ಏನೂ ಮಾತಾಡಲಿಲ್ಲ. ದೋಣಿಯ ಹಿಂದಿನ ಹಗ್ಗ ಹಿಡಿದು ಧಕ್ಕೆ ಮೇಲೆ ಸುಮ್ನೆ ನಿಂತರು. ನಾನು ಮೂತಿ ಎಳೆದೆ. ಎರಡು ನಿಮಿಷದಲ್ಲಿ ಮುಗಿಯಿತು.

ಮನೆಗೆ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಅವರು ಏನು ಮಾಡಿದರು? ಎತ್ತಲಿಲ್ಲ, ಎಳೆಯಲೂ ಇಲ್ಲ. ಎರಡು ಬೆರಳಿನಲ್ಲಿ ಹಗ್ಗ ಹಿಡಿದಿದ್ದರು ಅಷ್ಟೇ. ಅಂದರೆ ನನಗೆ ಕಡಿಮೆ ಬಿದ್ದದ್ದು ಬಲ ಅಲ್ಲ. ಬಲಕ್ಕೆ ವಿಂಚ್ ಇದೆ. ಅದರ ಹಿಡಿಕೆ 8 ಇಂಚು, ಹಗ್ಗ ಸುತ್ತುವ ಉರುಳೆಯ ಅರ್ಧ ಅಗಲ ಒಂದೂಕಾಲು ಇಂಚು, ಗೇರು 4ಕ್ಕೆ 1. ಲೆಕ್ಕ ಹಾಕಿದರೆ ಕೈಯಲ್ಲಿ 10 ಕೆಜಿ ಒತ್ತಿದರೆ ಆ ಕಡೆ 250 ಕೆಜಿಯಷ್ಟು ಎಳೆಯುತ್ತದೆ. ಸವೆತ, ತಿಕ್ಕಾಟ ಕಳೆದರೂ ಧಾರಾಳ. ಕಡಿಮೆ ಬಿದ್ದದ್ದು ಎರಡನೇ ಜಾಗದಲ್ಲಿ ನಿಲ್ಲುವ ಇನ್ನೊಬ್ಬ. ನಿಲ್ಲುವುದಕ್ಕೆ ಮನುಷ್ಯನೇ ಬೇಕೆಂದಿಲ್ಲ, ಕಂಬವೂ ಆಗಬಹುದು.

ಯಾಕೆ ಹಿಂಭಾಗವೇ ಓಡುತ್ತದೆ

ಮುಂದಿನ ವಾರ ದೋಣಿ ಬಿಟ್ಟು ಬರೀ ಟ್ರೈಲರ್ ತಗೊಂಡು ಹೋದೆ. ಟೇಪು, ಚಾಕ್‌ಪೀಸು, ಫೋನಿನಲ್ಲಿರುವ ಲೆವೆಲ್. ಇಳಿಜಾರಿನ ಮೇಲೆ ಫೋನ್ ಇಟ್ಟರೆ 8 ಡಿಗ್ರಿ ತೋರಿಸಿತು. ಅಂದರೆ 100 ಅಡಿಗೆ 14 ಅಡಿ ಇಳಿತ. ಬೋಟ್ ಇಳಿಸುವ ಇಳಿಜಾರುಗಳು ಸಾಮಾನ್ಯವಾಗಿ 12ರಿಂದ 15 ಅಡಿಯ ಒಳಗೇ ಇರುತ್ತವೆ. ಟ್ರೈಲರನ್ನು ಒಂದು ಅಡಿ ಹಿಂದಕ್ಕೆ ಬಿಟ್ಟರೆ ನೀರು ಅದರ ಮೇಲೆ ಒಂದೂಮುಕ್ಕಾಲು ಇಂಚು ಏರುತ್ತದೆ. ಇದು ಮನಸ್ಸಿನಲ್ಲಿದ್ದರೆ ಕಾರಿನಲ್ಲಿ ಕೂತು ಊಹೆ ಮಾಡುವುದು ತಪ್ಪುತ್ತದೆ.

ದೋಣಿ ಕೂರುವುದು ಕಾರ್ಪೆಟ್ ಸುತ್ತಿದ ಎರಡು ಉದ್ದ ಹಲಗೆಗಳ ಮೇಲೆ. ಇಲ್ಲಿ ಅದನ್ನು ಬಂಕ್ ಅನ್ನುತ್ತಾರೆ. ನನ್ನ ಬಂಕ್ 8 ಅಡಿ. ಇಳಿಜಾರಿನಲ್ಲಿ ನಿಂತಾಗ ಅದರ ಮುಂದಿನ ತುದಿ ನೀರಿನ ಮಟ್ಟದಲ್ಲಿದ್ದರೆ ಹಿಂದಿನ ತುದಿ 13 ಇಂಚು ನೀರಿನೊಳಗೆ ಇರುತ್ತದೆ. ದೋಣಿ ಮಾತ್ರ ಮಟ್ಟಸವಾಗಿ ತೇಲುತ್ತದೆ, ಅದಕ್ಕೆ ಬೇಕಿರುವುದು 7 ಇಂಚು. ಹಾಗಾಗಿ ಮೂತಿ ಬಂಕಿನ ಮೇಲೆ ಕೂತಾಗಲೂ ಹಿಂಭಾಗ ಬಂಕಿನಿಂದ ಅರ್ಧ ಅಡಿ ಮೇಲೆ ತೇಲುತ್ತಲೇ ಇರುತ್ತದೆ. ಅದು ಕೆಳಗೆ ಕೂರುವುದು ಕಾರು ಮೇಲಕ್ಕೆ ಎಳೆಯುವಾಗ, ಕೊನೆಯ ಎರಡು ಮೂರು ಅಡಿಯಲ್ಲಿ. ಆಗ ನಾನು ಸ್ಟೀರಿಂಗ್ ಹಿಂದೆ ಇರುತ್ತೇನೆ. ಗಾಳಿ ತನ್ನ ಕೆಲಸ ಮಾಡುವುದೂ ಆಗಲೇ. ಐದನೇ ಸಲ ನೇರವಾಗಿದ್ದ ದೋಣಿ ಮೇಲೆ ಬಂದಾಗ ಯಾಕೆ ವಾಲಿತ್ತು ಅನ್ನುವುದು ಅಲ್ಲಿ ನಿಂತು ಚಾಕ್‌ಪೀಸಿನಲ್ಲಿ ಗೀಟು ಎಳೆದಾಗ ತಿಳಿಯಿತು.

ಕಂಬಗಳು, ಎರಡು ಸಲ

ಟ್ರೈಲರ್ ಹಿಂಭಾಗದ ಎರಡೂ ಪಕ್ಕ ನೆಟ್ಟಗೆ ನಿಲ್ಲಿಸುವ ಕಂಬಗಳು ಅಂಗಡಿಯಲ್ಲಿ ಸಿಗುತ್ತವೆ. ಮನೆಯಲ್ಲಿ ಪೈಪು ಬಿದ್ದಿತ್ತು, ನಾನೇ ಮಾಡೋಣ ಅಂದುಕೊಂಡೆ. ಮೊದಲ ಸಲ ಮಾಡಿದ್ದರಲ್ಲಿ ಎರಡು ತಪ್ಪು.

ಒಂದು, ಬರೀ 2 ಇಂಚಿನ ಪಿವಿಸಿ ಪೈಪನ್ನು ಬ್ರಾಕೆಟ್‌ಗೆ ಕಟ್ಟಿ ನಿಲ್ಲಿಸಿದ್ದು. ಐದು ಅಡಿ ಎತ್ತರದ ಪಿವಿಸಿ ಬೆತ್ತದ ಹಾಗೆ ಬಾಗುತ್ತದೆ. ದೋಣಿ ಒರಗಿದ ತಕ್ಷಣ 'ಆಗಲಿ ಸ್ವಾಮಿ' ಅಂತ ದಾರಿ ಬಿಟ್ಟಿತು. ಎರಡನೆಯದು ಇನ್ನೂ ಪೆದ್ದು ಕೆಲಸ. ಕಂಬಗಳನ್ನು ಟ್ರೈಲರ್ ಕಟ್ಟಿನ ಕಟ್ಟಕಡೆಗೆ ಹಾಕಿದ್ದೆ. ದೋಣಿಯ ಅತಿ ಹೆಚ್ಚು ಅಗಲ ಇರುವುದು ನಡುವಿನಲ್ಲಿ, 75 ಇಂಚು. ಒಳಗೆ ಬರುವಾಗ ಆ ಅಗಲ ಕಂಬಗಳ ನಡುವೆ ದಾಟಲೇಬೇಕು, ಹಾಗಾಗಿ ನಡುವೆ 77 ಇಂಚು ಬಿಟ್ಟೆ. ಆದರೆ ದೋಣಿ ಪೂರ್ತಿ ಒಳಗೆ ಬಂದ ಮೇಲೆ ಕಂಬದ ಪಕ್ಕ ಇರುವುದು ಸಪೂರವಾಗುತ್ತ ಹೋಗುವ ಹಿಂಭಾಗ. ಅಲ್ಲಿ ಎರಡೂ ಕಡೆ ಒಂದೊಂದು ಗೇಣು ಜಾಗ ಉಳಿಯಿತು. ಬಾಗಿಲು ದಾಟುವವರೆಗೆ ಶಿಸ್ತು, ಒಳಗೆ ಬಂದ ಮೇಲೆ ಅವರವರ ಇಷ್ಟ.

ಎರಡನೇ ಸಲ ಕಂಬಗಳನ್ನು ಮೂರು ಅಡಿ ಮುಂದಕ್ಕೆ ತಂದು ಮಡ್‌ಗಾರ್ಡಿನ ಬೆನ್ನಿಗೇ ನಿಲ್ಲಿಸಿದೆ. ದೋಣಿ ಪೂರ್ತಿ ಒಳಗೆ ಕೂತಾಗಲೂ ಅಲ್ಲಿ ಅಗಲ 75 ಇಂಚಿಗೆ ಹತ್ತಿರವೇ ಇರುತ್ತದೆ. ಪಕ್ಕಕ್ಕೆ ಒಂದೊಂದೇ ಇಂಚು ಸಂದು. ದೋಣಿ ತಿರುಗಬೇಕೆಂದರೂ ತಿರುಗಲಾರದು.

ಪಿವಿಸಿ ಒಳಗೆ ಈ ಸಲ ಕಬ್ಬಿಣ ಹೋಯಿತು. ಸತು ಲೇಪಿಸಿದ ಒಂದೂವರೆ ಇಂಚಿನ ನೀರಿನ ಪೈಪು ಹೊರಗಿನಿಂದ ಅಳೆದರೆ 1.9 ಇಂಚು ಬರುತ್ತದೆ. ಇಲ್ಲಿನ ದಪ್ಪ ಗೋಡೆಯ 2 ಇಂಚಿನ ಪಿವಿಸಿ ಒಳಗೆ 2.07 ಇಂಚು. ಒಂದರೊಳಗೆ ಒಂದು ಹೇಳಿ ಮಾಡಿಸಿದ ಹಾಗೆ ಜಾರಿ ಕೂರುತ್ತದೆ. ಪಿವಿಸಿಯನ್ನು ಅಂಟಿಸಲಿಲ್ಲ, ಬೇಕೆಂದೇ ಸಡಿಲ ಬಿಟ್ಟೆ. ದೋಣಿ ತಾಗಿದಾಗ ಅದು ಉರುಳುತ್ತದೆ, ಬಣ್ಣ ಗೀರುವುದಿಲ್ಲ.

ಟ್ರೈಲರಿನ ಕಟ್ಟು 50 ಇಂಚು ಅಗಲ, ಹಾಗಾಗಿ ಪ್ರತಿ ಪಕ್ಕ ಹದಿಮೂರೂವರೆ ಇಂಚು ಹೊರಗೆ ಚಾಚಬೇಕು. ಅದೇ ಕಬ್ಬಿಣದ ಪೈಪನ್ನು ಅಡ್ಡ ಇಟ್ಟು ಎರಡೆರಡು ಯು-ಬೋಲ್ಟಿನಲ್ಲಿ ಬಿಗಿದೆ. ತುದಿಗೆ ಎಲ್ಬೋ, ಅದರ ಮೇಲೆ ನೆಟ್ಟಗಿನ ಪೈಪು. ಎಲ್ಲ ಮುಗಿಸಿ ಗರಾಜಿನಲ್ಲಿ ಕಂಬ ಹಿಡಿದು ಜಗ್ಗಿ ನೋಡಿದೆ. ಎಲ್ಬೋ ನಲ್ಲಿ ತಿರುಗಿದ ಹಾಗೆ ಮೆಲ್ಲಗೆ ತಿರುಗಿ ಕಂಬ ಹಿಂದಕ್ಕೆ ಮಲಗಿತು. ಅದು ತಿರುಪಿನ ಜೋಡಣೆ, ತಿರುಗದೆ ಇನ್ನೇನು ಮಾಡೀತು? ಪ್ಲಂಬರನನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದ. ಎಲ್ಬೋ ಮತ್ತು ಪೈಪು ಎರಡನ್ನೂ ಸೇರಿಸಿ ಆರಪಾರ ತೂತು ಕೊರೆದು 8 ಮಿಲಿಮೀಟರ್ ಸ್ಟೀಲ್ ಬೋಲ್ಟ್ ಹಾಕಿದೆ. ನಾಲ್ಕು ತೂತು, ಎರಡು ಡ್ರಿಲ್ ಬಿಟ್ ಬಲಿ. ಒಂದನ್ನು ಎಣ್ಣೆ ಹಾಕದೆ ಸುಟ್ಟಿದ್ದು ನಾನೇ. ಕೊರೆದ ಜಾಗಕ್ಕೆಲ್ಲ ಸತುವಿನ ಪೇಂಟ್ ಬಳಿದೆ, ಇಲ್ಲದಿದ್ದರೆ ಅಲ್ಲಿಂದಲೇ ತುಕ್ಕು ಶುರು. ಒಟ್ಟು ಖರ್ಚು 90 ಡಾಲರ್ ಚಿಲ್ಲರೆ. ಹಣ ಉಳಿಯಿತು ಅಂತ ಹೇಳುವ ಹಾಗಿಲ್ಲ. ಎರಡು ಶನಿವಾರ ಹೋದವು.

ಇನ್ನೊಂದು ಉಪಯೋಗ ನಾನು ನೆನೆಸಿರಲೇ ಇಲ್ಲ. ಖಾಲಿ ಟ್ರೈಲರನ್ನು ಹಿಂದಕ್ಕೆ ಬಿಡುವಾಗ ಅದು ಕನ್ನಡಿಯಲ್ಲಿ ಕಾಣುವುದೇ ಇಲ್ಲ, ಅಷ್ಟು ತಗ್ಗು. ಕಂಡಾಗ ಆಗಲೇ ಸೊಟ್ಟ ತಿರುಗಿರುತ್ತದೆ. ಈಗ ಎರಡು ಬಿಳಿ ಕಂಬ ಎರಡೂ ಕನ್ನಡಿಯಲ್ಲಿ ಕಾಣುತ್ತವೆ. ಯಾವ ಕನ್ನಡಿಯಲ್ಲಿ ಕಂಬ ದೊಡ್ಡದಾಗುತ್ತ ಬರುತ್ತದೋ ಆ ಕಡೆಗೇ ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೆ ನೇರವಾಗುತ್ತದೆ.

ಎಷ್ಟು ಆಳಕ್ಕೆ ಇಳಿಸಬೇಕು ಅನ್ನುವುದನ್ನೂ ಕಂಬವೇ ಹೇಳುತ್ತದೆ. ಜಾಸ್ತಿ ಇಳಿಸಿದರೆ ದೋಣಿ ಬಂಕಿಗೆ ತಾಗದೆ ಮೇಲೆಲ್ಲ ತೇಲಾಡುತ್ತದೆ. ಕಡಿಮೆ ಇಳಿಸಿದರೆ ವಿಂಚ್ ತಿರುಗಿಸಿ ತೋಳು ಬೀಳುತ್ತದೆ. ಮೂರು ಸಲ ಮಾಡಿ ನೋಡಿ ಸರಿಯಾದ ಮಟ್ಟಕ್ಕೆ ಕಂಬದ ಮೇಲೆ ಕೆಂಪು ಟೇಪು ಸುತ್ತಿದೆ. ಗುರುತು ಇಳಿಜಾರಿನ ಮೇಲಿದ್ದರೆ ಪ್ರಯೋಜನವಿಲ್ಲ, ನೀರು ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ. ಮೊದಲು ಬಂಕ್ ಪೂರ್ತಿ ಮುಳುಗುವಷ್ಟು ಇಳಿಸುತ್ತೇನೆ. ಒಣ ಕಾರ್ಪೆಟ್ ದೋಣಿಯನ್ನು ಹಿಡಿದುಕೊಳ್ಳುತ್ತದೆ, ಒದ್ದೆಯಾದರೆ ಜಾರುತ್ತದೆ. ಆಮೇಲೆ ಟೇಪಿನವರೆಗೆ ಮೇಲಕ್ಕೆ ಬರುತ್ತೇನೆ.

ಬಾವಿ ರಾಟೆ

ಕಂಬ ಹಿಂಭಾಗವನ್ನು ಹಿಡಿಯುತ್ತದೆ, ಆದರೆ ದೋಣಿ ಅಲ್ಲಿಗೆ ಬಂದ ಮೇಲೆ. ಧಕ್ಕೆಯಿಂದ ಅಲ್ಲಿಗೆ ತರುವವರು ಯಾರು? ನೀರಿಗಿಳಿದು ಎಳೆಯುವುದು ಬೇಡ ಅಂತ ಮೊಣಕೈ ಹೇಳಿತ್ತು.

ಅಜ್ಜನ ಮನೆಯ ಬಾವಿ ನೆನಪಾಯಿತು. ರಾಟೆ ಇದ್ದರೆ ಕೊಡ ಮೇಲಕ್ಕೆ ಬರುತ್ತದೆ, ನಾವು ಎಳೆಯುವುದು ಕೆಳಕ್ಕೆ. ಎಳೆಯುವವನು ದೋಣಿಯ ಮುಂದೆಯೇ ನಿಲ್ಲಬೇಕು ಅಂತ ಏನಿಲ್ಲ ಹಾಗಾದರೆ. ವಿಂಚ್ ಕಂಬದಲ್ಲಿ, ವಿಂಚಿಗಿಂತ ಸ್ವಲ್ಪ ಕೆಳಗೆ, ಒಂದು ಸ್ಟೀಲ್ ರಾಟೆ ಹಾಕಿದೆ. ಅದರೊಳಗೆ 50 ಅಡಿಯ 10 ಮಿಲಿಮೀಟರ್ ಪಾಲಿಪ್ರೊಪಿಲೀನ್ ಹಗ್ಗ. ಅದು ಅಗ್ಗದ ಒರಟು ಹಗ್ಗ, ಕೈಗೆ ಹಿತವಲ್ಲ. ಆದರೆ ನೀರಿನಲ್ಲಿ ತೇಲುತ್ತದೆ, ಚಕ್ರಕ್ಕೆ ಸುತ್ತಿಕೊಳ್ಳುವುದಿಲ್ಲ. ನೈಲಾನ್ ಮುಳುಗುತ್ತದೆ.

ಟ್ರೈಲರ್ ಇಳಿಸುವ ಮೊದಲೇ ಹಗ್ಗವನ್ನು ರಾಟೆಯೊಳಗೆ ತೂರಿಸಿ, ಎರಡೂ ತುದಿ ಧಕ್ಕೆಗೆ ತರುತ್ತೇನೆ. ಒಂದು ತುದಿ ದೋಣಿಯ ಮೂತಿಯ ಬಳೆಗೆ. ಇನ್ನೊಂದು ನನ್ನ ಬಲಗೈಗೆ. ಎಡಗೈಯಲ್ಲಿ ದೋಣಿಯ ಹಿಂದಿನ ಹಗ್ಗ, ಅದನ್ನು ಧಕ್ಕೆಯ ಕ್ಲೀಟಿಗೆ, ಅಂದರೆ ಹಗ್ಗ ಕಟ್ಟುವ ಕೊಂಬಿಗೆ, ಒಂದೇ ಸುತ್ತು ಹಾಕಿರುತ್ತೇನೆ. ಒಂದು ಸುತ್ತು ಸಾಕು, ಉಳಿದದ್ದನ್ನು ತಿಕ್ಕಾಟ ನೋಡಿಕೊಳ್ಳುತ್ತದೆ, ಎರಡು ಬೆರಳಿನಲ್ಲಿ ಹಿಡಿಯಬಹುದು. ಬಲಗೈ ಎಳೆದರೆ ದೋಣಿ ಮುಂದಕ್ಕೆ ಹೋಗುತ್ತದೆ. ಎಡಗೈ ಬಿಟ್ಟಷ್ಟೇ ಹಿಂಭಾಗ ಸರಿಯುತ್ತದೆ. ಕುದುರೆಗೆ ಲಗಾಮು ಹಿಡಿದ ಹಾಗೆ ಧಕ್ಕೆ ಮೇಲೆ ನಿಂತೇ ದೋಣಿಯನ್ನು ಕಂಬಗಳ ನಡುವೆ ತೂರಿಸಬಹುದು.

ಇಲ್ಲಿ ಗಾಳಿಯ ಕಡೆ ನೋಡಲೇಬೇಕು. ಹಗ್ಗಕ್ಕೆ ಎಳೆಯುವುದು ಗೊತ್ತು, ತಳ್ಳುವುದು ಗೊತ್ತಿಲ್ಲ. ಗಾಳಿ ಧಕ್ಕೆಯ ಕಡೆಯಿಂದ ಟ್ರೈಲರ್ ಕಡೆಗೆ ಬೀಸುತ್ತಿರಬೇಕು. ಆಗ ಹಗ್ಗ ಬಿಟ್ಟಷ್ಟು ದೋಣಿ ತಾನೇ ಹೊರಗೆ ಸರಿಯುತ್ತದೆ. ಗಾಳಿ ಉಲ್ಟಾ ಇದ್ದರೆ ದೋಣಿ ಧಕ್ಕೆಗೆ ಅಂಟಿಕೊಂಡು ಕೂರುತ್ತದೆ, ಎಷ್ಟು ಹಗ್ಗ ಇದ್ದರೂ ಅದನ್ನು ದೂರ ತಳ್ಳಲು ಆಗುವುದಿಲ್ಲ. ಧಕ್ಕೆಯ ಎರಡೂ ಪಕ್ಕ ಇಳಿಜಾರು ಇದ್ದರೆ ಇನ್ನೊಂದು ಪಕ್ಕಕ್ಕೆ ಹೋಗುತ್ತೇನೆ. ಅಲ್ಲಿ ಸಾಲು ಉದ್ದ ಇದ್ದರೂ ಕಾಯುತ್ತೇನೆ.

ಟ್ರೈಲರಿನ ಮುಂದಿನ ತೊಲೆಯ ಮೇಲೆ 6 ಇಂಚು ಅಗಲದ ಹಲಗೆ ಹಾಕಿ ಜಾರದ ಟೇಪು ಅಂಟಿಸಿದ್ದೇನೆ. ವಿಂಚಿಗೆ ಹೋಗಲು ಅದೇ ಸೇತುವೆ. ಪಾಚಿಯ ಋಣ ಅಲ್ಲಿಗೆ ಹರಿಯಿತು.

ಎರಡನೇ ಅವಮಾನ

ಎಲ್ಲ ಸೇರಿಸಿ ಮೊದಲ ಸಲ ಮಾಡಿದ್ದು ಮಾರ್ಚಿನಲ್ಲಿ. ದೋಣಿ ಕಂಬಗಳ ನಡುವೆ ಬಂದು ನಿಂತಿತು. ಹಲಗೆ ಮೇಲೆ ನಡೆದುಹೋಗಿ ಕೊಕ್ಕೆ ಹಾಕಿದೆ, ವಿಂಚ್ ಬಿಗಿದೆ, ಮೂತಿಗೆ ಸರಪಳಿಯನ್ನೂ ಹಾಕಿದೆ. ರಾಟೆಯ ಹಗ್ಗ ಬಿಚ್ಚಿದೆ. ಎದೆಯುಬ್ಬಿಸಿ ಕಾರಿಗೆ ಹತ್ತಿ ಹೊರಟೆ.

ಹಿಂದಿನ ಹಗ್ಗ ಧಕ್ಕೆಗೆ ಕಟ್ಟಿಯೇ ಇತ್ತು.

ಶಬ್ದ ಮೊದಲು ಕೇಳಿಸಿತು, ತೆಂಗಿನಕಾಯಿ ಒಡೆದ ಹಾಗೆ. ದೋಣಿಯ ಹಿಂದಿನ ಕ್ಲೀಟು ಕಿತ್ತು ಬಂದು ಹಗ್ಗದ ತುದಿಯಲ್ಲಿ ಧಕ್ಕೆಗೆ ಬಡಿಯಿತು. ಯಾರೂ ಅಲ್ಲಿರಲಿಲ್ಲ, ಪುಣ್ಯ. ಇಳಿದು ನೋಡಿದರೆ ಎರಡು ತೂತು, ಸುತ್ತ ಜೇಡರ ಬಲೆಯ ಹಾಗೆ ಬಿರುಕು. ಕ್ಲೀಟಿಗೆ ಹಿಂದೆ ಯಾರೋ ಬರೀ ಸ್ಕ್ರೂ ಹೊಡೆದಿದ್ದರು, ಕೆಳಗೆ ಆಧಾರವೇ ಇರಲಿಲ್ಲ. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಬೋಲ್ಟ್ ಹಾಕಿದ್ದರೆ ಇನ್ನೂ ದೊಡ್ಡ ತುಂಡೇ ಕಿತ್ತು ಬರುತ್ತಿತ್ತೇನೋ. ಬಿರುಕು ಬಿಟ್ಟದ್ದನ್ನು ಉಜ್ಜಿ ತೆಗೆದು, ತೂತಿಗೆ ದಪ್ಪ ಮಾಡಿದ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಮತ್ತೆ ಕೊರೆದೆ. ಈಗ ಡೆಕ್ಕಿನ ಕೆಳಗೆ ಎಪಾಕ್ಸಿ ಕುಡಿಸಿದ ಪ್ಲೈವುಡ್ ತುಂಡು ಇದೆ, ಸ್ಕ್ರೂ ಬದಲು ಬೋಲ್ಟ್, ದೊಡ್ಡ ವಾಷರು. ಬಣ್ಣ ಮಾತ್ರ ಹೊಂದಿಕೆಯಾಗಿಲ್ಲ, ಬಿಳಿಯಲ್ಲೂ ಇಷ್ಟು ಬಿಳಿ ಇದೆ ಅಂತ ಗೊತ್ತಿರಲಿಲ್ಲ.

ಇದಕ್ಕೆ ಪಟ್ಟಿ ಬರೆದಿಟ್ಟುಕೊಳ್ಳುವುದರಿಂದ ಉಪಯೋಗವಿಲ್ಲ ಅಂತ ನನ್ನ ಅನುಭವ. ಕೆಲಸ ಮುಗಿಯಿತು ಅನ್ನುವ ಖುಷಿಯಲ್ಲಿ ಪಟ್ಟಿ ನೋಡುವವರು ಯಾರು? ಬೇರೆ ಉಪಾಯ ಮಾಡಿದೆ. ಟ್ರೈಲರ್ ಇಳಿಸಿ ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡ ಕಟ್ಟೆ ಇಟ್ಟ ಮೇಲೆ, ಕಾರಿನ ಕೀಯನ್ನು ಹಿಂದಿನ ಹಗ್ಗಕ್ಕೇ, ಕ್ಲೀಟಿನ ಪಕ್ಕದಲ್ಲೇ ಒಂದು ಕೊಂಡಿಯಲ್ಲಿ ಸಿಕ್ಕಿಸುತ್ತೇನೆ. ಹಗ್ಗ ಬಿಚ್ಚಲು ಹೋಗದೆ ಕೀ ಸಿಗುವುದಿಲ್ಲ. ಕೀ ಇಲ್ಲದೆ ಕಾರು ಹೊರಡುವುದಿಲ್ಲ. ನನ್ನದು ಹಳೆ ಕಾರು, ತಿರುವುವ ಕೀ. ಗುಂಡಿ ಒತ್ತಿ ಶುರುಮಾಡುವ ಕಾರಿನವರು ಬೇರೆ ಏನಾದರೂ ಯೋಚಿಸಬೇಕು. ಕೊಂಡಿಗೆ ಒಂದು ತೇಲುವ ಬೆಂಡು ಕಟ್ಟಿದ್ದೇನೆ. ಯಾಕೆ ಅಂತ ಹೇಳಬೇಕಿಲ್ಲ.

ಸಣ್ಣಪುಟ್ಟದ್ದು

ನೂರು ಮೈಲಿ ವೇಗದಲ್ಲಿ ಬಂದವರ ಹಾಗೆ ಬಂದ ತಕ್ಷಣ ಟ್ರೈಲರನ್ನು ನೀರಿಗೆ ಇಳಿಸಬೇಡಿ. ರಸ್ತೆಯಲ್ಲಿ ಓಡಿ ಬಂದ ಚಕ್ರದ ಬೇರಿಂಗ್ ಬಿಸಿಯಾಗಿರುತ್ತದೆ. ತಣ್ಣೀರಿಗೆ ಬಿದ್ದ ಕೂಡಲೇ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರು ಹೀರಿಕೊಳ್ಳುತ್ತದೆ. ನಾನು ಮೇಲೆಯೇ ನಿಲ್ಲಿಸಿ ಮಾಸ್ಟ್, ಅಂದರೆ ಹಾಯಿ ಕಟ್ಟುವ ಕಂಬ, ಎತ್ತುತ್ತೇನೆ, ಒಬ್ಬನಿಗೆ ಅರ್ಧ ಗಂಟೆ ಬೇಕು, ಅಷ್ಟರಲ್ಲಿ ಚಕ್ರ ತಣ್ಣಗಾಗುತ್ತದೆ. ಮಾಸ್ಟ್ ಎತ್ತುವ ಮೊದಲು ತಲೆ ಎತ್ತಿ ಕರೆಂಟ್ ತಂತಿ ಇದೆಯಾ ಅಂತ ನೋಡುವುದು ಪ್ರತಿ ಸಲದ ಕೆಲಸ. ಹಿಂದೆ ನೋಡಿದ ಜಾಗವೇ ಆದರೂ.

ಹಿಂದಕ್ಕೆ ಬಿಡುವಾಗ ಕಾರಿನ ಕಿಟಕಿ ತೆರೆದಿರಲಿ, ಸೀಟ್‌ಬೆಲ್ಟ್ ಬಿಚ್ಚಿರಲಿ. ಕಾರು ಜಾರಿ ನೀರಿಗೆ ಹೋದರೆ ಹೊರಗೆ ಬರಬೇಕಲ್ಲ. ಒಬ್ಬನೇ ಇದ್ದರೆ ಧಕ್ಕೆ ಮೇಲೂ ಲೈಫ್ ಜಾಕೆಟ್. ವಿಂಚಿನ ಹಲ್ಲು ಬಿಡಿಸಿದಾಗ ಹಿಡಿಕೆ ಫ್ಯಾನಿನ ಹಾಗೆ ತಿರುಗುತ್ತದೆ, ಅದರ ದಾರಿಯಲ್ಲಿ ಕೈ ಇಡಬಾರದು. ಹೊಟ್ಟೆಯ ಹಲಗೆ, ಚುಕ್ಕಾಣಿ ಎರಡನ್ನೂ ಧಕ್ಕೆಯಲ್ಲೇ ಎತ್ತಿ ಕಟ್ಟಿ, ಹಾಯಿ ಪೂರ್ತಿ ಇಳಿಸಿ ಆಮೇಲೆ ಕಾರಿಗೆ ಹೋಗಬೇಕು.

ನೀರಿನ ಮಟ್ಟದ ವಿಷಯ. ಮಳೆ ಇಲ್ಲದೆ ಹಿನ್ನೀರು ಇಳಿದಾಗ ಇಳಿಜಾರಿನ ಕಾಂಕ್ರೀಟ್ ಮುಗಿಯುವ ಜಾಗ ಹತ್ತಿರ ಬರುತ್ತದೆ. ಅದರಾಚೆ ಗುಂಡಿ. ಮೋಟಾರ್ ಬೋಟಿನವರು ಎಂಜಿನ್ ಜೋರಾಗಿ ಓಡಿಸಿ ಟ್ರೈಲರ್ ಹತ್ತಿಸುತ್ತಾರೆ, ಆ ರಭಸಕ್ಕೆ ಮಣ್ಣು ಕೊಚ್ಚಿಹೋಗಿರುತ್ತದೆ. ಒಮ್ಮೆ ನನ್ನ ಚಕ್ರ ಆ ಗುಂಡಿಗೆ ಇಳಿದು ಮೂರು ಜನ ಸೇರಿ ಎತ್ತಬೇಕಾಯಿತು. ಈಗ ಮೊದಲು ಹುಟ್ಟಿನ ಕೋಲು ಅದ್ದಿ ಕಾಂಕ್ರೀಟ್ ಎಲ್ಲಿಯವರೆಗೆ ಇದೆ ನೋಡುತ್ತೇನೆ. ಸಾಲದಿದ್ದರೆ ಆ ದಿನ ದೋಣಿ ಇಳಿಸುವುದಿಲ್ಲ. ಟ್ರೈಲರನ್ನು ಕಾರಿನಿಂದ ಬಿಡಿಸಿ ಹಗ್ಗದಲ್ಲಿ ಇಳಿಸುವವರಿದ್ದಾರೆ. ಒಬ್ಬನೇ ಇರುವಾಗ ನಾನಂತೂ ಮಾಡುವುದಿಲ್ಲ.

ಈ ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಇಳಿಜಾರು, ಅದೇ ನೈಋತ್ಯದ ಗಾಳಿ. ಟ್ರೈಲರ್ ನೀರಿಗೆ ತಾಗಿದಲ್ಲಿಂದ ದೋಣಿ ಮೇಲೆ ಬರುವವರೆಗೆ ಒಂಬತ್ತು ನಿಮಿಷ. ಮೊದಲ ಸಲದ್ದನ್ನು ನಾನು ಅಳೆದಿರಲಿಲ್ಲ, ಅಳೆಯುವ ಹಾಗೂ ಇರಲಿಲ್ಲ. ಪಕ್ಕದ ಬೋಟಿನವನು ಸಹಾಯ ಬೇಕಾ ಅಂದ. ಬೇಡ ಅಂದೆ, ಆದರೆ ದೋಣಿ ನೇರ ಕೂತಿದೆಯಾ ಅಂತ ಹಿಂದಿನಿಂದ ನೋಡಿ ಹೇಳು ಅಂದೆ. ಕೂತಿತ್ತು.

ಉಳಿದದ್ದು ದೀಪ. ಟ್ರೈಲರಿನ ಹಿಂದಿನ ದೀಪಗಳು ಪ್ರತಿ ಸಲ ಮುಳುಗಿ ಮುಳುಗಿ ವರ್ಷಕ್ಕೊಂದು ಜೊತೆ ಹಾಳಾಗುತ್ತಿದ್ದವು. ಈಗ ಕಂಬ ಇದೆಯಲ್ಲ, ಮೇಲಕ್ಕೇ ಹಾಕೋಣ ಅಂದುಕೊಂಡೆ. ಆದರೆ ಇಲ್ಲಿನ ನಿಯಮದಂತೆ ದೀಪ ನೆಲದಿಂದ 72 ಇಂಚಿಗಿಂತ ಮೇಲಿರಬಾರದು. ಕಂಬದ ತುದಿ 78 ಇಂಚು ಬಂತು. ಎರಡನ್ನೂ ಅರ್ಧ ಅಡಿಗಿಂತ ಸ್ವಲ್ಪ ಜಾಸ್ತಿಯೇ ಕತ್ತರಿಸಿ, ವೈರನ್ನು ಕಬ್ಬಿಣದ ಪೈಪಿನೊಳಗಿಂದಲೇ ತಂದೆ. ಬೋಲ್ಟುಗಳ ಪಕ್ಕ ನುಸುಳಿಸುವುದಕ್ಕೇ ಒಂದು ಗಂಟೆ ಹಿಡಿಯಿತು. ಕತ್ತಲಾದ ಮೇಲೆ ಹೆಂಡತಿಯನ್ನು ಕಾರಿನಲ್ಲಿ ಕೂರಿಸಿ ಎಡಗಡೆ ಇಂಡಿಕೇಟರ್ ಹಾಕು ಅಂದೆ. ಬಲಗಡೆಯದು ಮಿಣುಕಿತು. ಹಳದಿ ವೈರು ಎಡಕ್ಕೆ, ಹಸಿರು ಬಲಕ್ಕೆ ಹೋಗಬೇಕಿತ್ತು. ಎರಡೂ ಕಂಬದ ಎಲ್ಬೋ ಮತ್ತೆ ಬಿಚ್ಚುವ ಬದಲು ಮುಂದೆ, ಪ್ಲಗ್ ಹತ್ತಿರವೇ ಅದಲುಬದಲು ಮಾಡಿ ಟೇಪು ಸುತ್ತಿದ್ದೇನೆ. ಟೇಪಿನ ಮೇಲೆ ಮಾರ್ಕರಿನಲ್ಲಿ ಬರೆದೂ ಇಟ್ಟಿದ್ದೇನೆ: 'ಇಲ್ಲಿ ಹಸಿರು ಅಂದರೆ ಹಳದಿ.'